ಅಪೂರ್ಣ ಕೃತಿ ಮತ್ತು ಮರಳುವ ಧೈರ್ಯ

ಆರಂಭಿಸಿದ ಕಾರ್ಯವನ್ನು ಮುಗಿಸಬೇಕೆಂಬುದು ಎಲ್ಲರೂ ಒಪ್ಪುವ ನೀತಿ. ಆದರೆ ಆ ಕಾರ್ಯವು ನಮ್ಮ ಶಕ್ತಿಗೆ ಮೀರಿದುದೆಂದು ನಡುವೆ ತಿಳಿದುಬಂದರೆ ಏನು ಮಾಡಬೇಕು? ಹೇಗಾದರೂ ಮುಗಿಸಿ ಕೈತೊಳೆದುಕೊಳ್ಳುವುದು ಒಂದು ದಾರಿ. ಕೈಬಿಟ್ಟು ಮರೆತುಬಿಡುವುದು ಇನ್ನೊಂದು. ಬದಿಗಿರಿಸಿ, ಅರಿವನ್ನು ಹೆಚ್ಚಿಸಿಕೊಂಡು, ಮತ್ತೆ ಅದರ ಮುಂದೆ ನಿಲ್ಲುವುದು ಮೂರನೆಯದು. ಈ ಮೂರನೆಯ ದಾರಿಯ ಬೆಲೆಯನ್ನೂ ಮಿತಿಯನ್ನೂ ಇಲ್ಲಿ ವಿಚಾರಿಸೋಣ.

ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ (1452–1519) ಸುಮಾರು 1480ರಲ್ಲಿ ಸಂತ ಜೆರೋಮನ ಚಿತ್ರವನ್ನು ಮರದ ಹಲಗೆಯ ಮೇಲೆ ಆರಂಭಿಸಿದನು. ನಿರ್ಜನ ಪ್ರದೇಶದಲ್ಲಿ ಮೊಣಕಾಲೂರಿದ ಕೃಶಕಾಯದ ತಪಸ್ವಿ. ಪಶ್ಚಾತ್ತಾಪದಿಂದ ಎದೆಗೆ ಬಡಿದುಕೊಳ್ಳಲು ಕೈಯಲ್ಲೊಂದು ಕಲ್ಲು. ಎದುರಿಗೆ ಬರಿಯ ರೇಖೆಗಳಲ್ಲೇ ಉಳಿದ ಸಿಂಹ. ಇಂದು ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿರುವ ಈ ಚಿತ್ರ ಕೊನೆಗೂ ಪೂರ್ಣಗೊಳ್ಳಲಿಲ್ಲ. ಆದರೂ ಅದರ ಕತ್ತಿನ ಭಾಗವು ವಿದ್ವಾಂಸರನ್ನು ವಿಚಾರಕ್ಕೆ ಹಚ್ಚಿದೆ. ಲಿಯೊನಾರ್ಡೊ ಮೊದಮೊದಲು ಬರೆದ ಅಂಗರಚನೆಯ ರೇಖಾಚಿತ್ರಗಳಲ್ಲಿ ಕತ್ತಿನ ಸ್ನಾಯುಗಳು ಸರಿಯಾಗಿಲ್ಲ. ಶವಚ್ಛೇದನದ ಅಧ್ಯಯನದ ಬಳಿಕ, 1510ರ ಸುಮಾರಿಗೆ ಬರೆದವುಗಳಲ್ಲಿ ಸರಿಯಾಗಿವೆ. ಜೆರೋಮನ ಕತ್ತು ತಡವಾಗಿ ಬಂದ ಈ ತಿಳಿವಳಿಕೆಗೇ ಹೊಂದುತ್ತದೆ. ಆದುದರಿಂದ ಸುಮಾರು ಮೂವತ್ತು ವರ್ಷಗಳ ಅನಂತರ ಅವನು ಮರಳಿ ಬಂದು ಅದನ್ನು ತಿದ್ದಿರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ.

ಈ ಊಹೆ ನಿಜವಾದರೆ ಅದರಲ್ಲೊಂದು ಪಾಠವಿದೆ. ಖಾಲಿ ಉಳಿದ ಸಿಂಹಕ್ಕೆ ಬಣ್ಣ ತುಂಬಿದ್ದರೆ ನೋಡುವವರಿಗೆ ಕೆಲಸ ಮುಂದುವರಿದಂತೆ ತೋರುತ್ತಿತ್ತು. ಅವನು ಮುಗಿದಂತೆಯೇ ಕಾಣುತ್ತಿದ್ದ ಕತ್ತನ್ನು ತಿದ್ದಿದನು. ಮರಳಿ ಬರುವವನಿಗೆ ಅಡ್ಡ ನಿಲ್ಲುವವು ಎರಡು. ಬರೆದ ರೇಖೆಯನ್ನು ಅಳಿಸಲು ಮಮಕಾರ ಬಿಡದು. ಹಳೆಯ ಸೋಲನ್ನು ನೇರವಾಗಿ ನೋಡಲು ಅಹಂಕಾರ ಒಪ್ಪದು. ಇವೆರಡೂ ತಗ್ಗಿದಾಗಲೇ ತಪ್ಪು ಎಲ್ಲಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಒಂದು ತಪ್ಪು ಕಡಿಮೆಯಾದರೂ ಅದು ಮುನ್ನಡೆಯೇ ಸರಿ.

ಆದರೆ ಇದನ್ನೇ ಆಲಸ್ಯಕ್ಕೆ ನೆಪವಾಗಿಸಿಕೊಳ್ಳಬಾರದು. ಇದೇ ಲಿಯೊನಾರ್ಡೊನಿಗೆ 1481ರಲ್ಲಿ ಫ್ಲಾರೆನ್ಸ್ ಬಳಿಯ ಮಠವೊಂದರ ಸನ್ಯಾಸಿಗಳು, ಶಿಶು ಯೇಸುವಿಗೆ ಜ್ಞಾನಿಗಳು ವಂದಿಸುವ ಚಿತ್ರವನ್ನು ಬರೆಯಲು ಒಪ್ಪಿಸಿದ್ದರು. ಅದನ್ನು ಅರ್ಧಕ್ಕೇ ಬಿಟ್ಟು ಅವನು ಮಿಲಾನ್ ನಗರಕ್ಕೆ ಹೊರಟುಹೋದನು. ಮಠಕ್ಕೆ ಅದೇ ವಿಷಯದ ಚಿತ್ರ ದೊರೆತದ್ದು 1496ರಲ್ಲಿ, ಫಿಲಿಪ್ಪಿನೊ ಲಿಪ್ಪಿ ಎಂಬ ಬೇರೊಬ್ಬ ಚಿತ್ರಕಾರನಿಂದ. ಅಪೂರ್ಣ ಚಿತ್ರವನ್ನು ಇಂದು ಜಗತ್ತು ಕೊಂಡಾಡುತ್ತಿರಬಹುದು. ಅಷ್ಟರಿಂದ ಆ ಸನ್ಯಾಸಿಗಳಿಗೆ ಕೊಟ್ಟ ಮಾತು ಸಂದಾಯವಾಗಲಿಲ್ಲ.

ಹಲಗೆಯ ಮೇಲಿನ ಚಿತ್ರ ಮೂವತ್ತು ವರ್ಷ ಕಾದರೂ ನೋಯುವುದಿಲ್ಲ. ಮಾತನ್ನು ನಂಬಿ ಕಾದಿರುವ ಮನುಷ್ಯರು ನೋಯುತ್ತಾರೆ. ನಮ್ಮ ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಅರ್ಧಕ್ಕೆ ನಿಂತ ಕಾರ್ಯಗಳು ಹಲವಿರುತ್ತವೆ. ಅವುಗಳಲ್ಲಿ ಇತರರ ದಾನದಿಂದಲೋ ನಂಬಿಕೆಯಿಂದಲೋ ಆರಂಭವಾದುವನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಆಗದಿದ್ದರೆ ಆಗದೆಂದು ಅವರಿಗೆ ತಿಳಿಸಬೇಕು. ನಮ್ಮದೇ ಸಾಧನೆಗೆ ಸೇರಿದುವನ್ನು ಅರಿವು ಬೆಳೆದ ದಿನ ನಾಚಿಕೆಯಿಲ್ಲದೆ ತೆರೆದು ನೋಡಬೇಕು. ಅಂದು ಒಂದು ರೇಖೆಯಷ್ಟೇ ಸರಿಹೋದರೂ ಆ ದಿನ ವ್ಯರ್ಥವಲ್ಲ.