ಜೀರ್ಣೋದ್ಧಾರದಲ್ಲಿ ಉಳಿಯುವುದು ಯಾವುದು?

ಶಿಥಿಲಗೊಂಡ ದೇವಾಲಯವನ್ನು ಮತ್ತೆ ಪೂಜೆಗೆ ಯೋಗ್ಯವಾಗಿಸುವ ಕ್ರಿಯೆಗೆ ಜೀರ್ಣೋದ್ಧಾರವೆಂದು ಹೆಸರು. ಸೋರುವ ಮಾಡು, ವಾಲಿದ ಕಂಬ, ಬಿರುಕು ಬಿಟ್ಟ ಪೀಠ ಇವೆಲ್ಲ ಶಿಲ್ಪಿಯ, ಬಡಗಿಯ, ಗಾರೆಯವನ ಪಾಲಿನ ಕೆಲಸಗಳು. ಆದರೆ ಈ ಕೆಲಸದ ಅಡಿಯಲ್ಲಿ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದಿದೆ. ಕಲ್ಲು, ಮರ, ಸುಣ್ಣ ಒಂದೊಂದಾಗಿ ಬದಲಾದ ಮೇಲೂ ನಿಂತಿರುವುದು ಅದೇ ದೇವಾಲಯವೇ?

ನ್ಯಾಯ-ವೈಶೇಷಿಕರ ಉತ್ತರ ನಿಷ್ಠುರವಾದುದು. ಅವಯವಗಳಿಂದ ಹುಟ್ಟುವ ಅವಯವಿ ಅವುಗಳಿಗಿಂತ ಬೇರೆಯಾದ ವಸ್ತು. ಒಂದು ಅವಯವ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟುತ್ತದೆ. ಅಂಚು ಹರಿದ ಬಟ್ಟೆಯೂ ಅವರ ಲೆಕ್ಕದಲ್ಲಿ ಹಿಂದಿನ ಬಟ್ಟೆಯಲ್ಲ. ಬೌದ್ಧರು ಅವಯವಿಯನ್ನೇ ಒಪ್ಪುವುದಿಲ್ಲ. ‘ಅದೇ’ ಎನ್ನುವುದು ಸಾದೃಶ್ಯ ಹುಟ್ಟಿಸಿದ ಭ್ರಮೆ ಎನ್ನುತ್ತಾರೆ. ಜೈನರು ದ್ರವ್ಯ ಉಳಿಯುತ್ತದೆ, ಅದರ ಅವಸ್ಥೆಯಾದ ಪರ್ಯಾಯ ಬದಲಾಗುತ್ತದೆ ಎಂದು ಎರಡಕ್ಕೂ ಎಡೆ ಕೊಡುತ್ತಾರೆ.

ಆಗಮಗಳು ಈ ವಾದಕ್ಕೆ ಇಳಿಯದೆ ಬೇರೆ ದಾರಿ ಹಿಡಿದವು. ಅವುಗಳ ಪ್ರಕಾರ ಪೂಜೆಗೊಳ್ಳುವುದು ಕಲ್ಲಲ್ಲ, ಕಲ್ಲಿನಲ್ಲಿ ಪ್ರತಿಷ್ಠೆಗೊಂಡ ಸಾನ್ನಿಧ್ಯ. ಅದನ್ನು ಆವಾಹಿಸಬಹುದಾದರೆ ಬೇರೆಡೆಗೆ ಸಾಗಿಸಲೂಬಹುದು. ಆದ್ದರಿಂದ ಕೆಲಸಕ್ಕೆ ಮೊದಲು ಕಲಾಕರ್ಷಣ ನಡೆಯುತ್ತದೆ. ಮೂರ್ತಿಯ ಕಲೆಗಳನ್ನು, ಅಂದರೆ ಸಾನ್ನಿಧ್ಯದ ಅಂಶಗಳನ್ನು, ಮಂತ್ರಪೂರ್ವಕವಾಗಿ ಜಲಕುಂಭಕ್ಕೆ ಸೆಳೆದು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜೆ ಮುಂದುವರಿಸುತ್ತಾರೆ. ಕೆಲಸ ಮುಗಿದ ಮೇಲೆ ಸಾನ್ನಿಧ್ಯವನ್ನು ಮೂರ್ತಿಗೆ ಮರಳಿಸುವ ಕುಂಭಾಭಿಷೇಕ, ಕರಾವಳಿಯಲ್ಲಿ ಬ್ರಹ್ಮಕಲಶ.

ಈ ವಿಧಿಗೆ ತೀರ ವ್ಯಾವಹಾರಿಕವಾದ ಮುಖವೊಂದಿದೆ. ಗರ್ಭಗುಡಿ ದೇವಾಲಯದ ಅತ್ಯಂತ ನಿರ್ಬಂಧಿತ ಜಾಗ. ಸಾಮಾನ್ಯವಾಗಿ ಅರ್ಚಕರ ಹೊರತು ಯಾರಿಗೂ ಪ್ರವೇಶವಿಲ್ಲ. ಮೂರ್ತಿಯನ್ನು ಕಡೆದು, ನೇತ್ರೋನ್ಮೀಲನದಲ್ಲಿ ಕಣ್ಣು ಬಿಡಿಸಿದ ಶಿಲ್ಪಿಯೂ ಪ್ರತಿಷ್ಠೆಯ ಮರುಕ್ಷಣ ಹೊರಗಿನವನಾಗುತ್ತಾನೆ. ಆದರೆ ಗೋಡೆ ಬಿರಿದಾಗ ಉಳಿಯ ಹಿಡಿತ ಬಲ್ಲವನೇ ಒಳಗೆ ಬರಬೇಕು. ಅವನು ಬರಲೆಂದು ದೇವರೇ ಹೊರಗೆ ಹೋಗುತ್ತಾನೆ. ಕುಶಲಕರ್ಮಿಯ ಅನಿವಾರ್ಯತೆಯನ್ನು ಶಾಸ್ತ್ರ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಒಪ್ಪಿಕೊಂಡಂತಿಲ್ಲ. ಆದರೂ ಅವನನ್ನು ಹೊರಗಿಡುವ ನಿಯಮವನ್ನು ಸಡಿಲಿಸಲಿಲ್ಲ, ಅದನ್ನು ಕೆಲಕಾಲ ನಿಲ್ಲಿಸಿತಷ್ಟೆ.

ಮೂರ್ತಿಯನ್ನು ಪೀಠಕ್ಕೆ ಬಿಗಿಯುವ ಅಷ್ಟಬಂಧವೂ ಹೀಗೆ ಕಸುಬು ಮತ್ತು ವಿಧಿ ಕೂಡುವ ಜಾಗ. ಅರಗು, ಜೇನುಮೇಣ, ಬೆಣ್ಣೆ ಮೊದಲಾದವನ್ನು ಹದವಾಗಿ ಕುಟ್ಟಿ ಮಾಡುವ ಈ ಪಾಕ ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ. ಅಭಿಷೇಕದ ನೀರು ಸಂದಿಗಿಳಿದರೆ ಪೀಠ ಸಡಿಲವಾಗುತ್ತದೆ. 12 ವರ್ಷಕ್ಕೊಮ್ಮೆ ಅಷ್ಟಬಂಧ ನವೀಕರಿಸುವ ರೂಢಿ ನಿರ್ವಹಣೆಯ ವೇಳಾಪಟ್ಟಿಯೂ ಹೌದು.

ಸಾನ್ನಿಧ್ಯವೇ ಮುಖ್ಯವೆಂಬ ನಿಲುವಿಗೆ ಅಪಾಯಕಾರಿ ಮಗ್ಗುಲೂ ಇದೆ. ಕಲ್ಲು ಬರೀ ಆಸನವೆಂದಾದರೆ ಅದನ್ನು ಎಸೆಯಲು ಅಡ್ಡಿಯೇನು? ಇಂದಿನ ಅನೇಕ ಜೀರ್ಣೋದ್ಧಾರಗಳು ಈ ತರ್ಕದ ಮೇಲೆಯೇ ನಡೆಯುತ್ತವೆ. ಹಳೆಯ ಗುಡಿ ಕೆಡವಿ ಕಾಂಕ್ರೀಟಿನದನ್ನು ಎಬ್ಬಿಸುವುದು, ಶಾಸನದ ಅಕ್ಷರಗಳ ಮೇಲೆ ಬಣ್ಣ ಬಳಿಯುವುದು, ಮರಳು ಚಿಮ್ಮಿಸಿ ಉಳಿಯ ಗುರುತು ಅಳಿಸುವುದು ಸಾಮಾನ್ಯ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿ, ಲವಣ ಹರಳುಗಟ್ಟಿ ಕಲ್ಲಿನ ಮೈ ಸುಲಿಯುತ್ತದೆ. ಇದು ಭಕ್ತಿಯ ಕೊರತೆಯಲ್ಲ, ಕಸುಬಿನ ಕೊರತೆ. ಶಾಸ್ತ್ರದ ಬೆಂಬಲವೂ ಇದಕ್ಕಿಲ್ಲ. ಲಕ್ಷಣಗಳು ಇನ್ನೂ ಗುರುತಿಗೆ ಸಿಗುವ ದೇವಾಲಯವನ್ನು ಅದರದೇ ದ್ರವ್ಯಗಳಿಂದ, ಅದರದೇ ಎತ್ತರ ಅಗಲಗಳಲ್ಲಿ ಸರಿಪಡಿಸಬೇಕೆಂದು ವಾಸ್ತುಗ್ರಂಥವಾದ ಮಯಮತ ಹೇಳುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯ ಸಾನ್ನಿಧ್ಯದ ನೋಟ, ದ್ರವ್ಯದ ನೋಟ ಎರಡಕ್ಕೂ ಸಾಕ್ಷಿ. ಇದು 1117ರಲ್ಲಿ ಪ್ರತಿಷ್ಠೆಗೊಂಡಿತು. ದಾಳಿಯಲ್ಲಿ ಹಾಳಾದ ಇದರ ಗೋಪುರವನ್ನು 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಒಳಗುಡಿಯನ್ನು ಉಳಿಸಲು 1879ರಲ್ಲಿ ಶಿಥಿಲ ಶಿಖರವನ್ನೇ ಇಳಿಸಲಾಯಿತು. ಪೂಜೆ ಇಂದಿಗೂ ನಡೆಯುತ್ತಿದೆ. ಆಗಮದ ಕಣ್ಣಿಗೆ ಇದು ಅದೇ ದೇವಾಲಯ. ಪುರಾತತ್ತ್ವಜ್ಞನಿಗೆ ಹಲವು ಕಾಲಗಳ ಪದರು.

ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಈ ಎರಡನೆಯ ನೋಟದ್ದು. ಊಹೆ ಶುರುವಾಗುವಲ್ಲಿ ದುರಸ್ತಿ ನಿಲ್ಲಬೇಕು, ಹೊಸ ಭಾಗ ಹಳೆಯದರೊಂದಿಗೆ ಹೊಂದಿದರೂ ಬೇರೆಯೆಂದು ತಿಳಿಯಬೇಕು ಎಂಬುದು ಅದರ ನಿಯಮ. ಜಪಾನಿನ ಇಸೆ ಕ್ಷೇತ್ರದಲ್ಲಾದರೆ 20 ವರ್ಷಕ್ಕೊಮ್ಮೆ ಗುಡಿಯನ್ನು ಹೊಸ ಮರದಿಂದ ಪೂರ್ತಿ ಕಟ್ಟುತ್ತಾರೆ. 2013ರದು 62ನೆಯ ಸಲ. ಅಲ್ಲಿ ಹಳೆಯದಾಗಿ ಉಳಿದಿರುವುದು ಬಡಗಿಗಳ ಕೈಚಳಕ, ಮರವಲ್ಲ. ಸಂರಕ್ಷಣೆಯದೇ ಇನ್ನೊಂದು ದಾಖಲೆಯಾದ 1994ರ ನಾರಾ ದಸ್ತಾವೇಜು ಸಾಚಾತನವನ್ನು ದ್ರವ್ಯದ ಜೊತೆಗೆ ಕುಶಲತೆ, ಪರಂಪರೆಗಳಲ್ಲೂ ಹುಡುಕಬೇಕೆಂದು ಒಪ್ಪಿತು.

ಆದರೂ ಒಂದು ಕಡೆ ರಾಜಿ ಸಾಧ್ಯವಾಗಿಲ್ಲ. ಒಡೆದು ಭಿನ್ನವಾದ ಮೂರ್ತಿ ಪೂಜೆಗೆ ಸಲ್ಲದು; ಕಲ್ಲಿನದನ್ನು ನೀರಿಗೆ, ಮರದ್ದನ್ನು ಬೆಂಕಿಗೆ ಒಪ್ಪಿಸಬೇಕೆಂದು ಅಗ್ನಿಪುರಾಣ ವಿಧಿಸುತ್ತದೆ. ಸಂರಕ್ಷಕನಿಗೆ ಅದೇ ಭಿನ್ನಮೂರ್ತಿ ಕಾಪಾಡಲೇಬೇಕಾದ ದಾಖಲೆ. ಕೆರೆ ಬಾವಿಗಳ ಹೂಳೆತ್ತುವಾಗ ಸಿಕ್ಕ ಎಷ್ಟೋ ಮೂರ್ತಿಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳಲ್ಲಿ ಕೆಲವನ್ನಾದರೂ ಯಾರೋ ವಿಧಿಪೂರ್ವಕವಾಗಿಯೇ ನೀರಿಗೆ ಬಿಟ್ಟಿದ್ದಿರಬೇಕು.