ಪಾರಿವಾಳದ ಬೇಟೆಗೆ ಕುಳಿತುಕೊಳ್ಳುವ ತಾಣ: ಒಂದು ಧರ್ಮವಿಚಾರ

ಇಂಗ್ಲೆಂಡಿನ ಗ್ರಾಮಾಂತರ ಪ್ರದೇಶಗಳಲ್ಲಿ ಬೆಳೆಯನ್ನು ತಿನ್ನುವ ಕಾಡುಪಾರಿವಾಳಗಳನ್ನು ಬಂದೂಕಿನಿಂದ ಹೊಡೆಯುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಸಮಾಜದ ಅನೇಕ ಯುವಕರು ಉದ್ಯೋಗನಿಮಿತ್ತವಾಗಿ ಇಂದು ಆ ದೇಶದಲ್ಲಿ ನೆಲೆಸಿದ್ದಾರೆ. ಜತೆಯಲ್ಲಿ ಕೆಲಸ ಮಾಡುವವರು ರಜಾದಿನದಲ್ಲಿ ಇಂತಹ ಬೇಟೆಗೆ ಕರೆದರೆ ಏನು ಹೇಳಬೇಕು? ರೈತನು ತನ್ನ ಬೆಳೆಯ ರಕ್ಷಣೆಗಾಗಿ ಹಕ್ಕಿಯನ್ನು ಕೊಂದರೆ ಅದು ಪಾಪವೇ? ಆ ಧಾನ್ಯವನ್ನು ಉಣ್ಣುವವನಿಗೆ ಅದರಲ್ಲಿ ಪಾಲಿಲ್ಲವೇ? ಈ ಪ್ರಶ್ನೆಗಳು ದೂರದೇಶದವಾಗಿ ಕಂಡರೂ ಇವುಗಳ ಮೂಲವು ನಮ್ಮ ಶಾಸ್ತ್ರಗಳಲ್ಲಿ ಬಹಳವಾಗಿ ವಿಚಾರಿತವಾದ ವಿಷಯವೇ ಆಗಿದೆ.

ಮೊದಲು ಲೋಕಸ್ಥಿತಿಯನ್ನು ತಿಳಿಯೋಣ. ಈ ಕಾಡುಪಾರಿವಾಳವು ನಮ್ಮ ನಗರಗಳ ಪಾರಿವಾಳಕ್ಕಿಂತ ದೊಡ್ಡದು. ತೂಕ ಸುಮಾರು ಅರ್ಧ ಕಿಲೋ, ಕತ್ತಿನ ಎರಡು ಪಕ್ಕಗಳಲ್ಲಿ ಬಿಳಿಯ ಗುರುತು. ಬ್ರಿಟನ್ನಿನಲ್ಲಿ ಇವುಗಳ ಸಂಖ್ಯೆ ಸುಮಾರು ಐವತ್ತು ಲಕ್ಷ ಜೋಡಿಗಳೆಂದು ಪಕ್ಷಿತಜ್ಞರ ಅಂದಾಜು. ಸಾಸಿವೆಯ ಜಾತಿಗೆ ಸೇರಿದ ರೇಪ್ ಎಂಬ ಎಣ್ಣೆಬೆಳೆ, ಬಟಾಣಿ, ಕೋಸು ಇವುಗಳ ಎಳೆಯ ಎಲೆಗಳನ್ನು ಹಿಂಡುಹಿಂಡಾಗಿ ಬಂದು ತಿನ್ನುತ್ತವೆ. ಬೆಚ್ಚುಗಳನ್ನು ನಿಲ್ಲಿಸಿದರೂ, ಗ್ಯಾಸಿನಿಂದ ಸದ್ದುಮಾಡುವ ತೋಪುಗಳನ್ನು ಇಟ್ಟರೂ ಕೆಲವೇ ದಿನಗಳಲ್ಲಿ ಅವಕ್ಕೆ ಅದು ಅಭ್ಯಾಸವಾಗಿಬಿಡುತ್ತದೆ. ಆದುದರಿಂದ ರೈತನ ಅಳಲು ಸುಳ್ಳಲ್ಲ.

ಈ ಬೇಟೆಯಲ್ಲಿ ಗುರಿಗಿಂತಲೂ ತಾಣವೇ ಮುಖ್ಯವೆಂದು ಅನುಭವಿಗಳು ಹೇಳುತ್ತಾರೆ. ಬೇಟೆಗಾರನು ಮುಂಚಿತವಾಗಿಯೇ ಹೋಗಿ ದೂರದಿಂದ ದುರ್ಬೀನಿನಲ್ಲಿ ನೋಡುತ್ತಾನೆ. ಹಕ್ಕಿಗಳು ರಾತ್ರಿ ತಂಗುವ ತೋಪು ಯಾವುದು, ಅಲ್ಲಿಂದ ಯಾವ ಬೇಲಿಯ ಸಾಲನ್ನು ಅಥವಾ ಮರಗಳ ಸಾಲನ್ನು ಹಿಡಿದು ಹಾರಿಬರುತ್ತವೆ, ಯಾವ ಮರದಲ್ಲಿ ಕುಳಿತು ಹೊಲವನ್ನು ಪರೀಕ್ಷಿಸುತ್ತವೆ, ಹೊಲದ ಯಾವ ಭಾಗದಲ್ಲಿ ಇಳಿಯುತ್ತವೆ ಎಂಬುದನ್ನೆಲ್ಲ ಗುರುತಿಸುತ್ತಾನೆ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಆದುದರಿಂದ ಗಾಳಿಯು ತನ್ನ ಬೆನ್ನಿಗೆ ಬರುವಂತೆ ಬೇಲಿಗೆ ಒತ್ತಿ ಬಲೆ ಮತ್ತು ಸೊಪ್ಪುಗಳ ಮರೆಯನ್ನು ಕಟ್ಟುತ್ತಾನೆ. ಅದರ ಮುಂದೆ ಸುಮಾರು ಇಪ್ಪತ್ತೈದು ಗಜಗಳ ಅಳತೆಯಲ್ಲಿ ಹುಸಿಹಕ್ಕಿಗಳನ್ನು ಹರಡಿ, ನಡುವೆ ಒಂದಿಷ್ಟು ಜಾಗವನ್ನು ತೆರವಾಗಿಡುತ್ತಾನೆ. ಹಳಗನ್ನಡ ಕಾವ್ಯಗಳ ಬೇಟೆಯಲ್ಲಿ ಬರುವ ‘ದೀವ’ದ ಕೆಲಸವನ್ನೇ ಇಲ್ಲಿ ಈ ಹುಸಿಹಕ್ಕಿಗಳು ಮಾಡುತ್ತವೆ. ತನ್ನವರು ನಿರ್ಭಯವಾಗಿ ಮೇಯುತ್ತಿರುವರೆಂದು ನಂಬಿದ ಹಕ್ಕಿ ಆ ತೆರವಿನಲ್ಲಿ ಇಳಿಯುತ್ತದೆ. ಕಾಲುದಾರಿ, ಮನೆ, ದನಕರುಗಳಿರುವ ದಿಕ್ಕಿಗೆ ಗುಂಡು ಹಾರದಂತೆ ನೋಡಿಕೊಳ್ಳುವುದೂ, ಹೊಲದ ಒಡೆಯನ ಅನುಮತಿಯನ್ನು ಪಡೆಯುವುದೂ ಇದರಲ್ಲಿಯೇ ಸೇರಿದೆ.

ಇಲ್ಲಿ ಒಂದು ಪೂರ್ವಪಕ್ಷ: ಹಿಂಸೆಯೆಲ್ಲವೂ ಪಾಪವೇ, ಅದರಲ್ಲಿ ಈ ತಾಣ ಆ ತಾಣ ಎಂಬ ವಿಚಾರವೇಕೆ? ಇದಕ್ಕೆ ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನು ಉತ್ತರ ಹೇಳಿದ್ದಾನೆ. ನೇಗಿಲು ಭೂಮಿಯನ್ನು ಸೀಳುವಾಗ ಎಷ್ಟೋ ಜೀವಿಗಳು ಸಾಯುತ್ತವೆ, ಧಾನ್ಯದಲ್ಲಿಯೂ ಜೀವವಿದೆ, ಹಿಂಸೆಯ ಸೋಂಕಿಲ್ಲದೆ ಬದುಕುವ ದೇಹಧಾರಿಯೇ ಇಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಎಂಬ ಐದು ಹಿಂಸಾಸ್ಥಾನಗಳು ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ಇವೆಯೆಂದು ಮನುವು ಎಣಿಸಿದ್ದಾನೆ. ಅವುಗಳ ದೋಷಪರಿಹಾರಕ್ಕಾಗಿಯೇ ಪಂಚಮಹಾಯಜ್ಞಗಳು ವಿಹಿತವಾಗಿವೆ. ಆದುದರಿಂದ ಊಟದ ಎಲೆಯ ಮುಂದೆ ಕುಳಿತು, ‘ಕೊಂದವನು ಅವನು, ನಾನು ಶುದ್ಧ’ ಎನ್ನುವ ಅಧಿಕಾರ ನಮಗಿಲ್ಲ. ಮಾಂಸದ ವಿಷಯದಲ್ಲಿ ಕೊಲ್ಲುವವನೊಬ್ಬನನ್ನೇ ಅಲ್ಲದೆ ಅನುಮತಿ ಕೊಟ್ಟವನನ್ನೂ, ಕೊಂಡವನನ್ನೂ, ಉಂಡವನನ್ನೂ ಮನುವು ಘಾತಕರ ಪಂಕ್ತಿಯಲ್ಲಿಯೇ ಕೂರಿಸಿದ್ದಾನೆ. ಆ ನ್ಯಾಯದ ನೆರಳು ಧಾನ್ಯದ ಮೇಲೂ ಸ್ವಲ್ಪ ಬೀಳದಿರದು.

ಹಾಗಾದರೆ ಎರಡನೆಯ ಪೂರ್ವಪಕ್ಷ: ಹಿಂಸೆ ಅನಿವಾರ್ಯವಾದ ಮೇಲೆ ಹತ್ತಾದರೇನು, ನೂರಾದರೇನು? ಇದು ಮೊದಲನೆಯದಕ್ಕಿಂತ ಅಪಾಯಕರವಾದ ಮಾತು. ಶ್ರೀಮದಾಚಾರ್ಯರು ಯಜ್ಞದಲ್ಲಿ ಸಜೀವ ಪಶುವಿನ ಬದಲು ಪಿಷ್ಟಪಶುವಿನ ಪ್ರಯೋಗವನ್ನು ಪ್ರತಿಷ್ಠಾಪಿಸಿದರು. ಅದರಿಂದ ನಾವು ತಿಳಿಯಬೇಕಾದುದು ಇಷ್ಟು: ಹಿಟ್ಟಿನಿಂದ ನಡೆಯುವ ಕಾರ್ಯಕ್ಕೆ ಪ್ರಾಣವನ್ನು ತೆಗೆಯಬಾರದು. ಅನಿವಾರ್ಯತೆಯೆಂಬುದು ಬಾಯಿಮಾತಿನಿಂದ ಸಿದ್ಧವಾಗದು. ಬೇರೆ ದಾರಿಗಳನ್ನು ಶ್ರದ್ಧೆಯಿಂದ ಹುಡುಕಿ, ಅವು ನಿಷ್ಫಲವಾದ ಮೇಲೆಯೇ ಸಿದ್ಧವಾಗುತ್ತದೆ. ಇಂಗ್ಲೆಂಡಿನ ರಾಜಶಾಸನವೂ ಈ ದಿಕ್ಕಿನಲ್ಲಿಯೇ ಇದೆ. 1981ರ ಕಾಯಿದೆಯಂತೆ ಅಲ್ಲಿ ಕಾಡುಹಕ್ಕಿಗಳಿಗೆ ರಕ್ಷಣೆಯಿದೆ. ಬೆಳೆಗೆ ಗಂಭೀರ ಹಾನಿಯನ್ನು ತಡೆಯುವುದಕ್ಕಾಗಿ ಮಾತ್ರ ಸಾಮಾನ್ಯ ಪರವಾನಗಿಯ ಮೇಲೆ ಪಾರಿವಾಳವನ್ನು ಕೊಲ್ಲಬಹುದು, ವಿನೋದಕ್ಕಾಗಿ ಅಲ್ಲ. 2019ರ ಏಪ್ರಿಲ್‌ನಲ್ಲಿ ಕಾನೂನಿನ ಆಕ್ಷೇಪ ಬಂದು ಹಳೆಯ ಪರವಾನಗಿಗಳು ರದ್ದಾದವು. ಈಗಿನ ಪರವಾನಗಿಯು ಕೊಲ್ಲದೆ ಕಾಯುವ ಉಪಾಯಗಳಿಗೆ ತಕ್ಕ ಪ್ರಯತ್ನ ನಡೆದಿರಬೇಕೆಂದು ವಿಧಿಸುತ್ತದೆ.

ಆದರೆ ಹಾನಿಯನ್ನು ತಡೆಯಲು ಕುಳಿತಿರುವನೋ, ವಿನೋದಕ್ಕೆ ಕುಳಿತಿರುವನೋ ಎಂಬುದನ್ನು ತಿಳಿಯುವುದು ಹೇಗೆ? ಸಂಕಲ್ಪವು ಅಂತರಂಗದ್ದು. ಅದಕ್ಕೆ ಬಹಿರಂಗದ ಸಾಕ್ಷಿಯೊಂದಿದೆ; ಅದೇ ಅವನು ಆರಿಸಿದ ತಾಣ. ಎಳೆಯ ಪೈರು ಬೋಳಾಗುತ್ತಿರುವ ಮೂಲೆಯಲ್ಲಿ ಕುಳಿತವನು ಪೈರನ್ನು ಕಾಯುತ್ತಿದ್ದಾನೆ. ಹಕ್ಕಿ ಹೆದರಿ ಹಾರಿಹೋದರೂ ಅವನಿಗೆ ಸಂತೋಷವೇ. ಏಕೆಂದರೆ ಪೈರು ಉಳಿಯಿತು. ಅದೇ ಮನುಷ್ಯನು ಕೊಯ್ಲು ಮುಗಿದ ಕೂಳೆಯ ಹೊಲದಲ್ಲಿ ಕುಳಿತನೆನ್ನೋಣ. ಉದುರಿದ ಕಾಳಿಗೆ ಹಕ್ಕಿಗಳು ಹೇರಳವಾಗಿ ಬರುತ್ತವೆ, ಬೇಟೆ ಸುಲಭ. ಆದರೆ ಕಾಯಬೇಕಾದ ಬೆಳೆ ಆಗಲೇ ಕಣಜ ಸೇರಿದೆ. ಅಲ್ಲಿ ಹಕ್ಕಿ ಹಾರಿಹೋದರೆ ಅವನಿಗೆ ವ್ಯಥೆ. ಒಂದೇ ಬಂದೂಕು, ಒಂದೇ ಹಕ್ಕಿ. ತಾಣ ಬದಲಾದೊಡನೆ ಕರ್ಮದ ಸ್ವರೂಪವೇ ಬದಲಾಯಿತು.

‘ಈಗ ಕೊಂದರೆ ಚಳಿಗಾಲದ ಹಾನಿ ಕಡಿಮೆಯಾಗುವುದು’ ಎಂದು ಸಮಾಧಾನ ಹೇಳುವವರುಂಟು. ಆರ್. ಕೆ. ಮರ್ಟನ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಕೇಂಬ್ರಿಜ್‌ಶೈರಿನಲ್ಲಿ ಈ ಹಕ್ಕಿಗಳನ್ನು ಕುರಿತು ನಡೆಸಿದ ಅಧ್ಯಯನಗಳು ಬೇರೆಯನ್ನೇ ತೋರಿಸಿದವು: ಚಳಿಗಾಲದಲ್ಲಿ ಅವುಗಳ ಸಂಖ್ಯೆಯನ್ನು ನಿರ್ಧರಿಸುವುದು ಮುಖ್ಯವಾಗಿ ಆಹಾರ, ಗುಂಡಿಗೆ ಬಲಿಯಾದವುಗಳಲ್ಲಿ ಬಹುಪಾಲು ಹೇಗೂ ಹಸಿವಿನಿಂದ ಸಾಯುವವೇ ಆಗಿದ್ದವು. ಅದಲ್ಲದೆ ಕೊಯ್ಲಿನ ಕಾಲವೇ ಅವುಗಳ ಸಂತಾನದ ಕಾಲ. ಕೂಳೆಯಲ್ಲಿ ಬಿದ್ದ ಹಕ್ಕಿಯ ಮರಿಗಳು ಗೂಡಿನಲ್ಲಿ ಕಾದು ಸಾಯಬಹುದು. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ ಗುರುಗಳಲ್ಲಿ ಕಪೋತವನ್ನೂ ಎಣಿಸುತ್ತಾನೆ. ಮರಿಗಳು ಬಲೆಗೆ ಬಿದ್ದುದನ್ನು ಕಂಡು ತಾಯಿಯೂ, ಅನಂತರ ತಂದೆಯೂ ತಾವಾಗಿಯೇ ಬಲೆಗೆ ಬಿದ್ದ ಆ ಕಥೆಯನ್ನು ನಾವು ಅತಿಯಾದ ಮಮತೆಯ ದೋಷಕ್ಕೆ ದೃಷ್ಟಾಂತವಾಗಿ ಓದುತ್ತೇವೆ. ಆದರೆ ಹಕ್ಕಿಗೆ ಕುಟುಂಬವುಂಟು, ದುಃಖವುಂಟು ಎಂಬುದನ್ನೂ ಅದೇ ಕಥೆ ಹೇಳುತ್ತಿದೆಯಲ್ಲವೇ?

ಬೇಟೆಗೆ ಅಧಿಕಾರವಿದ್ದ ರಾಜರಿಗೂ ಮನುವು ಮೃಗಯೆಯನ್ನು ಕಾಮಜನ್ಯವಾದ ಹತ್ತು ವ್ಯಸನಗಳಲ್ಲಿ ಮೊದಲನೆಯದಾಗಿ ಹೇಳಿರುವುದು ಗಮನಾರ್ಹ. ಹರಿಯೊಬ್ಬನೇ ಸ್ವತಂತ್ರಕರ್ತೃ, ಜೀವನು ಅವನ ಅಧೀನನಾದ ಕರ್ತೃ. ಅಧೀನನೆಂದಮಾತ್ರಕ್ಕೆ ಕರ್ತೃವೇ ಅಲ್ಲವೆಂದಲ್ಲ. ಹಾಗಾಗಿದ್ದರೆ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ‘ಎಲ್ಲವೂ ಅವನಿಚ್ಛೆ’ ಎಂದು ಹೇಳಿ ತಾಣವನ್ನು ಆರಿಸಿದ ಹೊಣೆಯಿಂದ ಯಾರೂ ಜಾರಿಕೊಳ್ಳುವಂತಿಲ್ಲ.

ಈ ಪರೀಕ್ಷೆ ಬಂದೂಕು ಹಿಡಿದವನಿಗೆ ಮಾತ್ರವಲ್ಲ. ಧರ್ಮವ್ಯಾಧನ ಬಳಿಗೆ ಬಂದ ಕೌಶಿಕನು ವೇದಾಧ್ಯಾಯಿ. ಮರದ ಕೆಳಗೆ ಕುಳಿತು ಅಧ್ಯಯನ ಮಾಡುತ್ತಿದ್ದಾಗ ಮೇಲೆ ಕುಳಿತಿದ್ದ ಬಕಪಕ್ಷಿಯ ಹಿಕ್ಕೆ ಮೈಮೇಲೆ ಬಿದ್ದಿತೆಂದು ಕೋಪದ ಒಂದು ನೋಟದಿಂದಲೇ ಅದನ್ನು ಕೊಂದನು. ಅವನ ತಾಣ ಪವಿತ್ರವಾಗಿಯೇ ಇತ್ತು. ಮನಸ್ಸು ಮಾತ್ರ ಅಲ್ಲಿರಲಿಲ್ಲ. ಮುಂಬೈಯಲ್ಲಿ 2025ರ ಜುಲೈನಲ್ಲಿ ಕಬೂತರ್‌ಖಾನೆಗಳನ್ನು ಮುಚ್ಚುವ ನಿರ್ಧಾರವಾದಾಗ ಎದ್ದ ವಿವಾದವು ಹೈಕೋರ್ಟಿನವರೆಗೂ ಹೋದುದನ್ನು ವಾಚಕರು ಬಲ್ಲರು. ಒಣಗಿದ ಹಿಕ್ಕೆಯ ಮತ್ತು ಗರಿಯ ಧೂಳು ಕೆಲವರ ಶ್ವಾಸಕೋಶಕ್ಕೆ ಭಾರಿ ಹಾನಿಯನ್ನು ಮಾಡುತ್ತದೆ. ನೆರೆಯ ವೃದ್ಧರ ಕಿಟಕಿಯ ಕೆಳಗೆ ಕಾಳು ಚೆಲ್ಲಿ ಪುಣ್ಯವನ್ನು ಬಯಸುವವನೂ ತನ್ನ ತಾಣವನ್ನು ಪರೀಕ್ಷಿಸಿಕೊಳ್ಳಬೇಕು. ಬಾಲ್ಕನಿಗೆ ಬಲೆ ಕಟ್ಟಿಸುವವರು ಒಳಗೆ ಗೂಡು, ಮೊಟ್ಟೆ, ಮರಿಗಳಿವೆಯೇ ಎಂದು ಮೊದಲು ನೋಡಬೇಕು. ಇದ್ದರೆ ಮರಿ ಹಾರುವ ತನಕ ಕೆಲವು ವಾರ ಕಾಯುವುದು ದೊಡ್ಡ ತ್ಯಾಗವೇನಲ್ಲ.

ಆದುದರಿಂದ ಸಿದ್ಧಾಂತವಿಷ್ಟು. ಹೊರದೇಶದಲ್ಲಿರುವ ನಮ್ಮ ಯುವಕರು ಬೇಟೆಯ ಆಹ್ವಾನವನ್ನು ವಿನಯದಿಂದ ನಿರಾಕರಿಸಲಿ. ಅದು ನಮಗೆ ವಿಹಿತವಲ್ಲ. ಆದರೆ ತಿನ್ನಲ್ಪಡುತ್ತಿರುವ ತನ್ನ ಪೈರಿನ ಬದಿಯಲ್ಲಿ ಅನ್ಯಮಾರ್ಗವಿಲ್ಲದೆ ಕುಳಿತ ರೈತನನ್ನು ನಿಂದಿಸದಿರಲಿ. ಅವನ ದೋಷದಲ್ಲಿ ಉಣ್ಣುವವರಿಗೂ ಪಾಲುಂಟು. ಆ ಪಾಲನ್ನು ನೆನೆದು, ಉಣ್ಣುವ ಮೊದಲು ಭಗವಂತನಿಗೆ ನಿವೇದಿಸಿ, ಎಲೆಯಲ್ಲಿ ಒಂದಗುಳನ್ನೂ ವ್ಯರ್ಥ ಮಾಡದಿರುವುದು ನಮ್ಮ ಕೈಯಲ್ಲಿಯೇ ಇರುವ ಕರ್ತವ್ಯ.

॥ ಶ್ರೀಕೃಷ್ಣಾರ್ಪಣಮಸ್ತು ॥