ಒಂದೇ ಪಾತ್ರೆಯಲ್ಲಿ ಜಡವೂ ಜೀವವೂ

ಔಷಧಕ್ಕೆ ಬೇಕಾಗುವ ಅನೇಕ ಅಣುಗಳು ಎಡಗೈ ಬಲಗೈಗಳ ಹಾಗೆ ಜೋಡಿಯಾಗಿ ಸಿಗುತ್ತವೆ; ಕೆಲಸಕ್ಕೆ ಬರುವುದು ಹೆಚ್ಚಾಗಿ ಒಂದೇ. ಲೈಪೇಸ್ ಎಂಬ ಕಿಣ್ವ ತನಗೆ ಒಗ್ಗುವುದನ್ನು ಮಾತ್ರ ಹಿಡಿಯುತ್ತದೆ, ಹಾಗಾಗಿ ಶೇ. 50ಕ್ಕಿಂತ ಹೆಚ್ಚು ಫಲ ದಕ್ಕದು. 1990ರ ದಶಕದಲ್ಲಿ ಸ್ವೀಡನ್ನಿನ ಬ್ಯಾಕ್‌ವಾಲ್ ತಂಡ ಅದೇ ಪಾತ್ರೆಗೆ ರುಥೇನಿಯಂ ವೇಗವರ್ಧಕವನ್ನೂ ಸೇರಿಸಿತು. ಅಣು ಆಲ್ಕೋಹಾಲ್ ಆಗಿದ್ದಲ್ಲಿ, ಅದರ ಬೇಡದ ರೂಪದಿಂದ ಹೈಡ್ರೋಜನ್ ಕಿತ್ತು, ಮತ್ತೆ ಯಾವ ಬದಿಯಿಂದಾದರೂ ಅಂಟಿಸುವುದು ಲೋಹದ ಕೆಲಸ. ಎಡ ಬಲವಾಗುತ್ತಾ ಹೋಗುತ್ತದೆ, ಕಿಣ್ವ ಹೆಕ್ಕುತ್ತಾ ಹೋಗುತ್ತದೆ, ಫಲ ಶೇ. 100ರ ಹತ್ತಿರ ಬರುತ್ತದೆ.

ಕೈಗಾರಿಕೆಗೆ ಇದು ಉಳಿತಾಯದ ಲೆಕ್ಕ. ತತ್ತ್ವಜಿಜ್ಞಾಸುವಿಗೆ ಮಾತ್ರ ಹಳೆಯ ಜಗಳ: ಜೀವದ ಕೆಲಸವೂ ಜಡದ ಕೆಲಸವೂ ಬೇರೆ ಬೇರೆ ಜಾತಿಯವೇ?

ಹುದುಗುವಿಕೆ ಬದುಕಿರುವ ಜೀವಕೋಶದ ವ್ಯಾಪಾರ ಎಂಬುದು ಲೂಯಿ ಪಾಶ್ಚರ್ ಅವರ ಪಟ್ಟು. 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ ತೆಗೆದ ರಸಕ್ಕೆ ಸಕ್ಕರೆ ಹಾಕಿದರು. ಜೀವಕೋಶವಿಲ್ಲದ ಆ ರಸದಲ್ಲೂ ಗುಳ್ಳೆ ಎದ್ದವು. 14ನೆಯ ಶತಮಾನದ 'ಸರ್ವದರ್ಶನಸಂಗ್ರಹ' ದಾಖಲಿಸಿರುವ ಚಾರ್ವಾಕ ವಾದ ಇಲ್ಲಿ ನೆನಪಾಗದೆ ಇರದು: ಕಿಣ್ವಾದಿಗಳು ಕೂಡಿದಾಗ ಮದಶಕ್ತಿ ಹುಟ್ಟುವಂತೆ, ಭೂತಗಳ ಕೂಟದಿಂದಲೇ ಚೈತನ್ಯ. ಆದರೆ ಬುಖ್ನರ್ ಪ್ರಯೋಗ ಚಾರ್ವಾಕನಿಗೆ ಅರ್ಧ ಗೆಲುವನ್ನಷ್ಟೇ ಕೊಡುತ್ತದೆ. ಮದ್ಯ ತಯಾರಾಯಿತು, ಸರಿ; ಮತ್ತೇರಿತೆಂದು ಅರಿಯುವವನು ಆ ರಸದಲ್ಲಿರಲಿಲ್ಲ.

ಲೋಹಕ್ಕೂ ಕಿಣ್ವಕ್ಕೂ ಸುಲಭಕ್ಕೆ ಹೊಂದುವುದಿಲ್ಲವೆಂಬುದೂ ನಿಜ. ಲೋಹ ಪ್ರೋಟೀನಿನ ಗಂಧಕಕ್ಕೆ ಅಂಟಿಕೊಂಡರೆ ಎರಡೂ ಕೆಡುತ್ತವೆ. ಒಂದಕ್ಕೆ ಹಲವು ಸಲ ಬಿಸಿ ದ್ರಾವಕ ಹಿತ, ಇನ್ನೊಂದಕ್ಕೆ ಉಗುರುಬೆಚ್ಚಗಿನ ನೀರು. (ಲೈಪೇಸ್ ಇಂಥ ಕಷ್ಟಕ್ಕೆಲ್ಲ ಒಗ್ಗುವ ಅಪರೂಪದ ಕಿಣ್ವ.) ಆದ್ದರಿಂದ ಒಂದೇ ಪಾತ್ರೆಯಲ್ಲಿ ಲೋಹವನ್ನು ದ್ರಾವಕದ ಪದರದಲ್ಲೂ ಕಿಣ್ವವನ್ನು ನೀರಿನ ಪದರದಲ್ಲೂ ಇಡುವುದುಂಟು. ಈ ವೈಮನಸ್ಯವನ್ನು ಪ್ರಾಣಶಕ್ತಿಗೆ ಸಾಕ್ಷಿಯೆಂದುಕೊಳ್ಳುವುದು ಅವಸರ. ಎರಡು ಲೋಹ ವೇಗವರ್ಧಕಗಳೂ ಹೀಗೇ ಕಾದಾಡಬಲ್ಲವು. ಆರಿಸುವ ಗುಣವೂ ಜೀವದೊಂದರ ಸ್ವತ್ತಲ್ಲ: ಎಡ-ಬಲ ಗುರುತಿಸುವ ಲೋಹ ವೇಗವರ್ಧಕಗಳಿಗೆ 2001ರಲ್ಲಿ ನೊಬೆಲ್ ಸಂದಿದೆ.

ಉಳಿಯುವುದು ಉದ್ದೇಶದ ಪ್ರಶ್ನೆ. ಲೈಪೇಸ್ ಕೊಬ್ಬನ್ನು ಒಡೆಯುವ ಕಿಣ್ವ. ಔಷಧ ಅದರ ಗುರಿಯಾಗಿರಲಿಲ್ಲ. ಗುರಿ ಅಣುವಿನೊಳಗೇ ಇತ್ತೆನ್ನಲು ಆಧಾರ ಕಾಣದು. ಆ ಗುರಿ ರಸಾಯನಜ್ಞನದು, ಪಾತ್ರೆಯದಲ್ಲ.

ಜಡ-ಜೀವಗಳ ನಡುವೆ ಗೆರೆ ಎಳೆಯುವವರಿಗೆ ಇನ್ನೊಂದು ತೊಡಕಿದೆ. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಕಾಳಿನಿಂದ ಯೂರಿಯೇಸನ್ನು ಹರಳುಗಟ್ಟಿಸಿದರು. ಹರಳಾಗಿ ಕೈಗೆ ಸಿಕ್ಕ ಮೊದಲ ಕಿಣ್ವ ಅದು. ಅದರೊಳಗೆ ನಿಕಲ್ ಇದೆಯೆಂದು ಪತ್ತೆಯಾದದ್ದು 1975ರಲ್ಲಿ.